ಮೊದಲ ಹಲಗೆ

ಮಾರ್ಚ್ 3, ಸೋಮವಾರ. ಊಟದ ಬಿಡುವು.

ಮರದ ಮಿಲ್ಲು ಮೂವತ್ತೊಂದು ಜನರನ್ನು ಹೊರಗೆ ಹಾಕಿತು. ಹಾಕಿ, ಅವರಾಗಿಯೇ ಹೋದರು ಎಂದು ಮರದ ಮೇಲೆ ಬರೆಸುತ್ತಿದೆ. ಬರೆಯಬೇಕಾದವಳು ನಾನು. ಮೂವತ್ತೊಂದರಲ್ಲಿ ಒಬ್ಬ ನನ್ನ ಅಪ್ಪ.

ಬೆಳಿಗ್ಗೆ ಎಂದಿನಂತೆ ಗುಡಿಸಿ, ಅಂಟಿನ ಒಲೆ ಹಚ್ಚಿ, ಗಾಜಿನ ಕಪಾಟು ಒರೆಸುತ್ತಿದ್ದೆ. ಹತ್ತಕ್ಕೆ ಮಿಲ್ಲಿನ ಲಾರಿ. ದಪ್ಪ ಹಲಗೆಗಳನ್ನು ಇಳಿಸಿ ಹೋದರು. ಜೊತೆಗೊಂದು ಟೈಪ್ ಮಾಡಿದ ಹಾಳೆ. ಮಾವ ಅದನ್ನು ಭಾಷಣದ ಹಾಗೆ ಓದಿದ.

"'ದೀರ್ಘ ಸೇವೆಯ ನಂತರ ಸ್ವಇಚ್ಛೆಯಿಂದ ನಿವೃತ್ತರಾದ' — ಆಮೇಲೆ ಹೆಸರು. ಮೂವತ್ತೊಂದು ಪೀಸು. ಇಪ್ಪತ್ತೇಳಕ್ಕೆ ಬೀಳ್ಕೊಡುಗೆ ಸಭೆ. ಮೆಷೀನ್ ಕೆಲಸ ಬೇಡವಂತೆ, ಅಕ್ಷರ ಕೈಯಲ್ಲೇ ಸುಟ್ಟು ಬರೆದಿರಬೇಕಂತೆ. ಮರವೂ ಅವರದೇ. ಗೌರವ ಅಂದ್ರೆ ಇದು!"

"ಗೌರವ ಅಲ್ಲ ಮಾವ, ಸುಳ್ಳು."

"ಶುರುವಾಯ್ತು ನೋಡು ಕರಪತ್ರ."

ಅಂಗಡಿಯಲ್ಲಿ ನನ್ನ ಹೆಸರು ಕರಪತ್ರ. ಬಸ್ ನಿಲ್ದಾಣದಲ್ಲಿ ಹಂಚುವ, ಮಧ್ಯಕ್ಕೆ ಪಿನ್ ಹೊಡೆದ ಹೊತ್ತಿಗೆಗಳನ್ನು ಓದುತ್ತೇನೆ ಎಂದು. ಓದುತ್ತೇನೆ. ಯಾರ ಅಪ್ಪಣೆ ಬೇಕು?

ಮಾವ ಎಂದರೆ ಅಮ್ಮನ ತಮ್ಮ. ಅಮ್ಮ ಇಲ್ಲ. ಮಿಲ್ಲಿನ ಮನೆ ಬಿಡಿಸಿದ ಮೇಲೆ ನಾನೂ ಅಪ್ಪನೂ ಮಾವನ ನಾಮಫಲಕದ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇವೆ. ಮೆಟ್ಟಿಲು ಅಂಗಡಿಯ ಒಳಗಿಂದ. ಹೋಗಲಿ ಬರಲಿ, ಮಾವನ ಕಣ್ಣಿನಡಿಯಲ್ಲೇ.

ಮಾರ್ಚ್ 4, ಮಂಗಳವಾರ. ಸಂಜೆ ಐದು.

ಸುಡುವ ಪೆನ್ನು ಮೊದಲ ಸಲ ಕೈಗೆ ಬಂತು. ಪೆನ್ನು ಎಂದರೆ ಪೆನ್ನೇ — ಹಿಡಿಗೆ ಕಾರ್ಕು, ತುದಿಗೆ ಕಾಯುವ ಮೊನೆ. ಬಾಲದ ವೈರು ಒಂದು ಪೆಟ್ಟಿಗೆಗೆ, ಪೆಟ್ಟಿಗೆಯಲ್ಲಿ ಬಿಸಿ ಏರಿಸುವ ಗುಂಡಿ.

ಕಲಿಸುವವರು ಹೊಗೆಯಕ್ಕ. ಇಪ್ಪತ್ತು ವರ್ಷದಿಂದ ಇಲ್ಲಿ ಮರದ ಮೇಲೆ ಸುಟ್ಟು ಬರೆಯುವ ಕೆಲಸ ಅವರದು. ಈಗ ಬಲಗೈ ನಡುಗುತ್ತದೆ. ಅದಕ್ಕೇ ನಾನು.

"ಒತ್ತಬೇಡ್ವೇ! ಉಳುಮೆ ಮಾಡ್ತಿದೀಯಾ? ಬರೆಯೋದು ಬಿಸಿ. ನೀನು ದಾರಿ ತೋರಿಸು, ಸಾಕು."

ಗೆರೆ ಎಲ್ಲಿ ಶುರುವಾಗುತ್ತದೋ ಅಲ್ಲೊಂದು ಕರಿ ಬೊಟ್ಟು. ನಿಂತಲ್ಲೊಂದು ಬೊಟ್ಟು. ನೊಣ ಕೂತು ಎದ್ದ ಹಾಗೆ ಇಳಿದು ಏಳಬೇಕಂತೆ. ನಾನು ಎಮ್ಮೆ ಕೂತ ಹಾಗೆ ಕೂರುತ್ತೇನಂತೆ.

ಅಭ್ಯಾಸಕ್ಕೆ ಮಿಲ್ಲಿನ ಹಲಗೆಗಳ ತುದಿ. ತುದಿಯಲ್ಲಿ ಬಿರುಕಿರುತ್ತದೆ, ಕೊಯ್ದು ಬಿಸಾಡುವುದೇ. ನನಗೆ ಸಿಕ್ಕಿದ್ದರ ಮೇಲೆ ಕೆಂಪು ಮೇಣದ ಬಳಪದಲ್ಲಿ ಏನೋ ಗೀಚಿತ್ತು. ನೋಡದೆ ಅದರ ಮೇಲೇ ಗೆರೆ ಎಳೆದೆ. ಭುಸ್ಸೆಂದು ಹೊಗೆ, ಮೂಗಿಗೆ ಅಡರುವ ಕಮಟು. ಇಬ್ಬರೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.

"ಮೇಣ ಸುಡ್ತಾರೇನೇ? ಗುರುತು ಇದ್ರೆ ಮೊದಲು ಉಪ್ಪುಕಾಗದ ಹಾಕಿ ಉಜ್ಜಿ ತೆಗೀಬೇಕು. ಇನ್ನು ಮೇಲೆ ಒಂದೂ ಬಿಡಬೇಡ."

ನಾಚಿಕೆಯಾಗಿ ಅದನ್ನು ಒಲೆಗೆ ಹಾಕಲು ಹೋದೆ. ಅಕ್ಕ ಕಿತ್ತುಕೊಂಡರು. ಮೊದಲ ಹಲಗೆಯನ್ನು ಒಲೆಗೆ ಹಾಕಬಾರದಂತೆ. ಈ ಅಂಗಡಿಯಲ್ಲಿ ಯಾರೂ ಹಾಕಿಲ್ಲವಂತೆ. ಗೋಡೆಯ ಮೊಳೆಯಲ್ಲಿ ಅವರದೂ ಇದೆ, ಮಸಿ ಹಿಡಿದಿದೆ.

"ಏನಕ್ಕಾ ಇದು, ಬೂಟಾ?"

"ಬಾತುಕೋಳಿ. ಬಾಯಿ ಮುಚ್ಕೊಂಡು ತೂತು ಕೊರಿ."

ಕೊರೆದು ನನ್ನದನ್ನೂ ಪಕ್ಕದ ಮೊಳೆಗೆ ಹಾಕಿದೆ. ಅವರು ಆಚೆ ಹೋದ ತಕ್ಷಣ ಅದರ ಮುಖ ಗೋಡೆಗೆ ತಿರುಗಿಸಿದೆ.

ಮಾರ್ಚ್ 6, ಗುರುವಾರ. ಊಟದ ಬಿಡುವು.

ಕೂರುವ ಜಾಗ: ಎಡಕ್ಕೆ ಗೋಡೆ, ಬಲಕ್ಕೆ ಅಕ್ಕ, ಎದುರಿಗೆ ಕಿಟಕಿ. ಕಿಟಕಿಗೆ ಮೊಳೆ ಹೊಡೆದಿದೆ. ಗಾಳಿ ಬಂದರೆ ಮೊನೆ ತಣ್ಣಗಾಗುತ್ತದೆ. ಹೊಗೆ ಎಳೆಯಲು ಮೂಲೆಯಲ್ಲೊಂದು ಫ್ಯಾನು, ತನ್ನ ಪಾಡಿಗೆ ಕೊರಗುತ್ತಿರುತ್ತದೆ. ಅಕ್ಕ ಎದ್ದರೆ ಮಾತ್ರ ನಾನು ಏಳಬಹುದು.

ಇವತ್ತು ಪೂರ್ತಿ ಒಂದೇ ಪದ. ಕಾರ್ಬನ್ ಇಟ್ಟು ತಿದ್ದಿ, ತಿದ್ದಿದ್ದರ ಮೇಲೆ ಸುಡುವುದು. ಸ್ವಇಚ್ಛೆಯಿಂದ. ಸ್ವಇಚ್ಛೆಯಿಂದ. 'ಚ್ಛೆ'ಯ ಒತ್ತಿನಲ್ಲಿ ಮೊನೆ ತಿರುಗಬೇಕು, ತಿರುಗುವಾಗ ನಿಲ್ಲುತ್ತದೆ, ನಿಂತಲ್ಲಿ ಕರಿ ಬೊಟ್ಟು ಬೀಳುತ್ತದೆ. ಎಂಟು ತುದಿಹಲಗೆ ಮುಗಿಸಿದೆ. ಪ್ರತಿಯೊಂದರ ಕೆಂಪು ಗುರುತನ್ನೂ ಮೊದಲು ಉಜ್ಜಿದೆ, ಹೇಳಿಸಿಕೊಳ್ಳಲಿಲ್ಲ. ಮುಗಿದದ್ದು ಒಲೆಗೆ.

ಬಳಪದಲ್ಲಿ ಬರೆದಿದ್ದರೆ ಒರೆಸಬಹುದಿತ್ತು. ಶಾಯಿಯಾಗಿದ್ದರೆ ಚೆಲ್ಲಬಹುದಿತ್ತು. ಇದನ್ನು ಕೆರೆದು ತೆಗೆದರೂ ಮರದಲ್ಲಿ ಹಳ್ಳ ಉಳಿಯುತ್ತದೆ. ಸುಳ್ಳಿಗೆ ಒಳ್ಳೆಯ ವಿಧಾನವನ್ನೇ ಆರಿಸಿದ್ದಾರೆ.

ಮಾರ್ಚ್ 8, ಶನಿವಾರ. ಮಧ್ಯಾಹ್ನ.

ನೋಟಿಸು ಬಂತು. ಕಾರ್ಮಿಕ ಅಧಿಕಾರಿಯ ಕಚೇರಿಯಿಂದ, ಅಪ್ಪನ ಹೆಸರಿಗೆ. 'ಬಲವಂತದ ನಿವೃತ್ತಿ ಕುರಿತ ತಮ್ಮ ದೂರಿನ ವಿಚಾರಣೆ. ಮಾರ್ಚ್ 27, ಗುರುವಾರ, ಬೆಳಿಗ್ಗೆ ಹತ್ತೂವರೆ. ಖುದ್ದು ಹಾಜರಾಗದಿದ್ದಲ್ಲಿ ದೂರನ್ನು ಮುಕ್ತಾಯಗೊಳಿಸಲಾಗುವುದು.'

ಬೀಳ್ಕೊಡುಗೆ ಸಭೆ ಅದೇ ದಿನ ಹನ್ನೊಂದಕ್ಕೆ. ಇದು ಕಾಕತಾಳೀಯ ಎನ್ನುವವರ ಬಾಯಿಗೆ ಬಿಸಿ ಮೊನೆ ಇಡಬೇಕು.

ಅಪ್ಪ ಎರಡು ಸಲ ಓದಿದ.

"ದೂರು ನಾನು ಕೊಟ್ಟೆನಾ?"

"ನಾನು ಬರೆದೆ. ಸಹಿ ನೀನೇ ಹಾಕಿದೆ."

"ಯಾವಾಗ?"

"ಫೆಬ್ರವರಿಯಲ್ಲಿ... ವಿಳಾಸ ಬದಲಾವಣೆ ಅರ್ಜಿ ಅಂದಿದ್ದೆನಲ್ಲ..."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಉತ್ತರ ಸಿದ್ಧವಿತ್ತು.

"ಮ್ಯಾನೇಜರೂ ಹೀಗೇ ಮಾಡಿದ ಮಗಳೇ. ಓದೋಕೆ ಬಿಡಲಿಲ್ಲ. ಇಲ್ಲಿ ಹಾಕು ಅಂದ, ಹಾಕಿದೆ."

ನೋಟಿಸನ್ನು ಮಡಚಿ ಗಡಿಯಾರದ ಹಿಂದೆ ಸಿಕ್ಕಿಸಿದ. ಅಷ್ಟೇ.

ಅದೂ ಇದೂ ಒಂದೇ ಅಲ್ಲ. ನಾನು ಮಾಡಿದ್ದು ಅವನಿಗೋಸ್ಕರ. ಅಲ್ಲವೇ ಅಲ್ಲ. ಮೂರು ಸಲ ಬರೆದೆ, ಮೂರು ಸಲ ಹೊಡೆದುಹಾಕಿದೆ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ.

ಮಾವನಿಗೆ ಹೇಳಿದೆ: ಸುಡುವುದಿಲ್ಲ. ಬೇರೆ ಏನು ಬೇಕಾದರೂ ಕೊಡಿ, ಹೆಸರು, ಹೂವು, ಹಕ್ಕಿ, ಕುದುರೆ. ಆ ಪದ ಮಾತ್ರ ಸುಡುವುದಿಲ್ಲ.

ಮಾವ ತಲೆ ಎತ್ತಿ ಮಾಳಿಗೆ ನೋಡಿದ. ಮೇಲೆ ಅಪ್ಪನ ಹೆಜ್ಜೆ ಕೇಳಿಸುತ್ತಿತ್ತು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ.

ಪೆನ್ನಿನ ಸ್ವಿಚ್ಚು ಹಾಕಿದೆ.

ಮಾರ್ಚ್ 17, ಸೋಮವಾರ. ಸಂಜೆ.

ಒಂದು ವಾರ ಬರೆಯಲಿಲ್ಲ. ಇಲ್ಲಿ ಬರೆಯಲು ಬೇಕಾದ ಕೈ ಅಲ್ಲಿ ಖರ್ಚಾಗುತ್ತಿದೆ. ಒಂಬತ್ತು ಫಲಕ ಆಗಿವೆ.

ತುದಿಹಲಗೆಗಳ ಮೇಲೆ ಗೆರೆ ಸರಾಗ ಬರುತ್ತಿತ್ತು. ಫಲಕದ ಮೇಲೆ ಬರುತ್ತಿಲ್ಲ. ಮೊನೆ ಇಟ್ಟರೆ ಸುಯ್ ಎನ್ನುತ್ತದೆ. ಒಂದು ಅಕ್ಷರ ಕಪ್ಪು, ಮುಂದಿನದು ಚಹಾದ ಕಲೆಯ ಹಾಗೆ ಪೇಲವ. ಬಿಸಿ ಏರಿಸಿದರೆ ಅಂಚು ಹಬ್ಬಿಕೊಳ್ಳುತ್ತದೆ.

"ನಿನ್ನ ಮನಸ್ಸಿಲ್ಲ ಇದರಲ್ಲಿ. ಮನಸ್ಸಿಲ್ಲದ ಕೈ ಹಿಂಗೇ," ಅಂದರು ಅಕ್ಕ.

"ಮನಸ್ಸು ಯಾಕಿರಬೇಕು ಅಕ್ಕಾ? ನಿಮಗಿದೆಯಾ?"

"ನಂಗೆ ಮನಸ್ಸು ಕೇಳಿ ಯಾರೂ ಕೆಲಸ ಕೊಟ್ಟಿಲ್ಲಮ್ಮ. ಇಪ್ಪತ್ತು ವರ್ಷದಲ್ಲಿ ಯಾರ್ಯಾರದೋ ಹೊಗಳಿಕೆ ಸುಟ್ಟಿದೀನಿ. ಅರ್ಧಕ್ಕರ್ಧ ಸುಳ್ಳು. ಹೊಗೆ ಮಾತ್ರ ನಿಜ, ಅದು ನನ್ನ ಎದೇಲಿದೆ." ಆಮೇಲೆ ನಕ್ಕರು. "ಬರಿ, ಬರಿ. ಇದನ್ನೂ ಕರಪತ್ರದಲ್ಲಿ ಹಾಕು."

ಅಪ್ಪ ಮಾತಾಡುವುದಿಲ್ಲ. ಊಟಕ್ಕೆ ಬಾ ಎಂದರೆ ಬರುತ್ತಾನೆ. ಆಚೆ ಹೋಗುವಾಗ ನೆಲ ನೋಡಿಕೊಂಡು ಅಂಗಡಿ ದಾಟುತ್ತಾನೆ, ಹಲಗೆಗಳ ಕಡೆ ಕಣ್ಣು ಹಾಯಿಸುವುದಿಲ್ಲ. ಇಪ್ಪತ್ತಾರು ವರ್ಷ ಮಿಲ್ಲಿನ ಡ್ರೈಯಿಂಗ್ ಸೆಕ್ಷನ್ನಿನಲ್ಲಿದ್ದವನು. ಹಸಿ ಮರ ಒಣಗಿಸುವ ಬಿಸಿಕೋಣೆಗಳ ಉಸ್ತುವಾರಿ. ಹಲಗೆ ತಟ್ಟಿದರೆ ಸಾಕು, ಇನ್ನೂ ಎಷ್ಟು ದಿನ ಬೇಕು ಎಂದು ಹೇಳುತ್ತಿದ್ದ. ಸೆಕ್ಷನ್ನನ್ನೇ ಶಾಶ್ವತವಾಗಿ ಮುಚ್ಚುತ್ತೇವೆ, ಕೆಲಸವೇ ಇರುವುದಿಲ್ಲ ಎಂದು ಹೇಳಿ ಜನವರಿ ಕೊನೆಯ ದಿನ ಎಲ್ಲರ ಸಹಿ ಹಾಕಿಸಿಕೊಂಡರು. ಅಪ್ಪ ಅದನ್ನು ನಂಬಿದ್ದಾನೆ. ಬೆಂಕಿಯೇ ಆರಿದ ಮೇಲೆ ಯಾರನ್ನು ದೂರಲಿ ಎನ್ನುತ್ತಾನೆ... ಎನ್ನುತ್ತಿದ್ದ.

ಮಾರ್ಚ್ 20, ಗುರುವಾರ. ಮಧ್ಯಾಹ್ನ ಮೂರು.

ಅಪ್ಪ ಮಾತಾಡಿದ. ಹನ್ನೆರಡು ದಿನಕ್ಕೆ ಮೊದಲ ಮಾತು.

"ನನ್ನದು ಬರೆದಾಯ್ತಾ?"

"ಇಲ್ಲ. ಕೊನೆಗೆ ಇಟ್ಟಿದೀನಿ."

"ಹೆಸರು ನೀಟಾಗಿ ಬರಿ. ಗೋಡೆ ಮೇಲೆ ಇರುತ್ತೆ ಅದು."

ಗೋಡೆಯ ಮೇಲೆ. ಈ ಕೋಣೆಯ ಗೋಡೆಯ ಮೇಲೆ, ನಾನು ಏಳುವಾಗ ಮಲಗುವಾಗ ಕಾಣುವ ಹಾಗೆ, ನನ್ನದೇ ಕೈಬರಹದಲ್ಲಿ.

ಆಯಿತು ಅಪ್ಪ ಎಂದೆ.

ಮಾರ್ಚ್ 22, ಶನಿವಾರ. ಸಂಜೆ.

ಮೂವತ್ತು. ಉಳಿದದ್ದು ಒಂದು.

ಇನ್ನೊಂದು ತಲೆನೋವು. ಮೊದಲು ಮಾಡಿದ ಫಲಕಗಳು ಮೇಜಿನ ಮೇಲೆ ಕೂರುತ್ತಿಲ್ಲ. ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತದೆ, ಟಕ್ ಟಕ್. ಅಂಗೈ ಮಡಚಿದ ಹಾಗೆ ಬಾಗಿವೆ. ಮಾವ ಮೇಲೆ ಭಾರ ಹೇರಿದ. ತೆಗೆದರೆ ಮತ್ತೆ ಟಕ್.

"ಬಿಸಿ ಜಾಸ್ತಿ ಮಾಡಿದೀಯ ನೀನು. ಬೇಕಂತಲೇ ಮಾಡಿದೀಯ."

"ಬೇಕಂತ ಮಾಡೋದಾಗಿದ್ರೆ ಅಕ್ಷರಾನೇ ಬದಲಾಯಿಸ್ತಿದ್ದೆ ಮಾವ."

"ನಾಲಿಗೆಗೆ ಇರೋ ಬಿಸೀಲಿ ಅರ್ಧ ಪೆನ್ನಿಗೆ ಬಂದಿದ್ರೆ ಎಂಥಾ ಕೆಲಸಗಾರ್ತಿ ಆಗ್ತಿದ್ದೆ."

ಮಾರ್ಚ್ 24, ಸೋಮವಾರ. ಸಂಜೆ ಐದೂವರೆ.

ನಿಧಾನವಾಗಿ ಬರೆಯಬೇಕು. ಒತ್ತಬಾರದು.

ಹನ್ನೊಂದರ ಹೊತ್ತಿಗೆ ಅಪ್ಪ ಆಚೆ ಹೊರಟಿದ್ದ. ಮಾವ ಒಂದು ಫಲಕವನ್ನು ಮೇಜಿಗೆ ಒತ್ತಿ ನನ್ನನ್ನು ಬೈಯುತ್ತಿದ್ದ. ಟಕ್ ಟಕ್. ಅಪ್ಪ ಬಾಗಿಲಲ್ಲೇ ನಿಂತ. ತಿರುಗಿದ. ಮಾವನ ಕೈಯಿಂದ ಫಲಕ ತೆಗೆದುಕೊಂಡ. ಅಕ್ಷರ ಓದಲಿಲ್ಲ. ಹಿಂಬದಿ ತಿರುವಿ ಕೆನ್ನೆಗೆ ಒತ್ತಿಕೊಂಡ, ಮಗುವಿಗೆ ಜ್ವರ ನೋಡುವ ಹಾಗೆ.

"ಇದು ಒಣಗಿಲ್ಲ."

"ನಿಮ್ಮ ಮಿಲ್ಲಿನದೇ ಭಾವ," ಅಂದ ಮಾವ.

"ಹೊರಗೆ ಒಣಗಿದೆ, ಒಳಗೆ ಹಸಿ. ಕೊಯ್ಯದ ಹಲಗೆ ಇನ್ನೂ ಇದೆಯಾ?"

ಒಂದಿತ್ತು. ಗರಗಸ ಕೇಳಿದ. ಹಲಗೆಯ ನಡುವಿನಿಂದ ಎರಡು ಬೆರಳಗಲದ ತುಂಡು ಕೊಯ್ದ. ಒಂದು ತುದಿ ಮಾತ್ರ ಬಿಟ್ಟು ತುಂಡಿನ ದಪ್ಪದ ನಡುವಿನ ತಿರುಳನ್ನು ಕೊಯ್ದು ತೆಗೆದ. ಉಳಿದದ್ದು ಎರಡು ಕಡ್ಡಿಯ ಒಂದು ಕವೆ. ನೋಡುನೋಡುತ್ತಿದ್ದಂತೆ ಕವೆಯ ಎರಡು ಕಡ್ಡಿಗಳೂ ಒಳಕ್ಕೆ ಬಾಗಿ, ತುದಿ ತುದಿ ತಾಗಿ ನಿಂತವು. ಚಿಮಟದ ಹಾಗೆ.

"ನೋಡು. ಆತುರದಲ್ಲಿ ಬಿಸಿ ಏರಿಸಿದಾರೆ. ಮೇಲ್ಮೈ ಬಿಗಿದುಕೊಂಡಿದೆ, ಒಳಗೆ ನೀರು ಸಿಕ್ಕಿಹಾಕಿಕೊಂಡಿದೆ. ಸೀಳಿದ ತಕ್ಷಣ ಬಾಗುತ್ತೆ. ನಾನಿದ್ದಾಗ ಇಂಥದ್ದು ಒಂದೂ ಹಲಗೆ ಬಾಗಿಲು ದಾಟಿಲ್ಲ." ಅಪ್ಪನ ದನಿ ಏರಿತ್ತು. ಸಹಿ ಹಾಕಿ ಬಂದ ದಿನವೂ ಹೀಗೆ ಏರಿರಲಿಲ್ಲ. "ಇದು ನನ್ನ ಬೆಂಕಿ ಅಲ್ಲ."

ಅಕ್ಕ ನನ್ನ ಕಡೆ ನೋಡಿದರು. "ಹಂಗಾದ್ರೆ ಅದು ಸುಯ್ ಅಂದಿದ್ದು..."

"ನೀರು," ಅಂದ ಅಪ್ಪ. "ಅವಳ ಕೈ ಅಲ್ಲ." ತುದಿಗಳಾದರೆ ಮೊದಲೇ ಒಣಗಿಬಿಡುತ್ತವಂತೆ. ಅದಕ್ಕೇ ಅಭ್ಯಾಸದ ಗೆರೆ ಸರಾಗ ಬಂದದ್ದು.

ಆಗ ಕೇಳಿದೆ. "ಅಪ್ಪ, ನಿನ್ನ ಬೆಂಕಿ ಅಲ್ಲ ಅಂದ್ರೆ ಯಾರದು? ಸೆಕ್ಷನ್ ಮುಚ್ಚಿದೆಯಲ್ಲ?"

ಅಪ್ಪ ಕವೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಆ ಪ್ರಶ್ನೆ ಅವನೊಳಗೆ ಇಳಿಯುವುದು ಕಾಣಿಸುತ್ತಿತ್ತು.

"ಒಂದು ಸಲಕ್ಕೆ ಒಣಗಿಸಿದ್ದಕ್ಕೆಲ್ಲ ಒಂದು ಲಾಟ್ ನಂಬರ್ ಇರುತ್ತೆ," ಅಂದ ಕೊನೆಗೆ. "ಪ್ರತಿ ಹಲಗೆ ತುದೀಲಿ, ಕೆಂಪು ಮೇಣದ ಬಳಪದಲ್ಲಿ. ನಾವು ಬಿಟ್ಟ ದಿನ ಕೊನೇ ಲಾಟು ನಾನೂರ ಹನ್ನೆರಡು. ತುದಿಗಳೆಲ್ಲಿ?"

ತುದಿಗಳೆಲ್ಲಿ.

ಒಂದೊಂದನ್ನೂ ನಾನೇ ಉಜ್ಜಿದ್ದೆ. ಶ್ರದ್ಧೆಯಿಂದ, ಒಂದು ಚುಕ್ಕಿ ಕೆಂಪು ಉಳಿಯದ ಹಾಗೆ. ಉಜ್ಜಿ, ಮೇಲೆ ಸ್ವಇಚ್ಛೆಯಿಂದ ಎಂದು ಸುಟ್ಟು, ಒಲೆಗೆ ಹಾಕಿದ್ದೆ. ಫಲಕಕ್ಕೆ ಕೊಯ್ಯದೆ ಉಳಿದಿದ್ದ ಹಲಗೆಯ ತುದಿಯನ್ನೂ ಅಭ್ಯಾಸಕ್ಕೆಂದು ಶನಿವಾರವೇ ಕತ್ತರಿಸಿಕೊಂಡಿದ್ದೆ. ಮಿಲ್ಲಿನವರು ಕೂಲಿ ಕೊಟ್ಟು ಜನ ಇಟ್ಟಿದ್ದರೂ ಇಷ್ಟು ಅಚ್ಚುಕಟ್ಟಾಗಿ ಸಾಕ್ಷಿ ಅಳಿಸುತ್ತಿರಲಿಲ್ಲ.

ಮಾವ ಮೊದಲ ಸಲ ತಮಾಷೆ ಮಾಡಲಿಲ್ಲ.

ಅಕ್ಕ ಎದ್ದರು. ಗೋಡೆಯ ಹತ್ತಿರ ಹೋದರು. ಬಾತುಕೋಳಿಯ ಪಕ್ಕದ ಮೊಳೆಯಿಂದ ನನ್ನ ಮೊದಲ ಹಲಗೆ ತೆಗೆದು ಮುಖ ತಿರುಗಿಸಿದರು. ಅಡ್ಡಾದಿಡ್ಡಿ ಗೆರೆ, ಕರಿ ಬೊಟ್ಟು, ಕರಗಿ ಹರಿದ ಮೇಣ. ನಡುವೆ ಇನ್ನೂ ಕೆಂಪಗೆ, ನಾಲ್ಕು, ಒಂದು, ಒಂಬತ್ತು.

"ನಾನೂರ ಹತ್ತೊಂಬತ್ತು," ಅಂದ ಅಪ್ಪ. ಇನ್ನೊಮ್ಮೆ ಅಂದ. ಬೆರಳಲ್ಲಿ ಎಣಿಸಿದ. "ಏಳು ಲಾಟು. ನಮ್ಮನ್ನ ಕಳಿಸಿ ಏಳು ಲಾಟು ಒಣಗಿಸಿದಾರೆ."

ಮಾರ್ಚ್ 25, ಮಂಗಳವಾರ. ಊಟದ ಬಿಡುವು.

ಮಾವನ ಮಾತು, ಇದ್ದ ಹಾಗೆ:

"ಭಾವ, ಕೈ ಮುಗೀತೀನಿ. ನಿಮಗೆ ಅನ್ಯಾಯ ಆಗಿದೆ, ಒಪ್ಪಿದೆ. ಆದರೆ ಇಲ್ಲಿರೋ ಒಂದೊಂದು ಹಲಗೆ ಮಿಲ್ಲಿನವರು ಕೊಟ್ರೆ ಉಂಟು. ಗುರುವಾರ ಒಂಬತ್ತೂವರೆಗೆ ನನ್ನ ಗಾಡಿ ಬಾಗಿಲಲ್ಲಿರುತ್ತೆ. ಮೂವತ್ತೊಂದು ಫಲಕ, ನೀವು, ಇವಳು — ಎಲ್ಲರೂ ಸಭೆಗೆ. ಬರದಿದ್ರೆ... ನಾನು ಏನೂ ಹೇಳಲ್ಲ. ನೀವೇ ತಿಳ್ಕೊಳ್ಳಿ."

ನಾನು ಬಾಯಿ ತೆರೆದೆ. ಅಪ್ಪ ಕೈ ಎತ್ತಿದ.

"ನೀನು ಸುಮ್ನಿರು. ನನ್ನ ಹೆಸರಲ್ಲಿ ಒಂದು ಸಲ ನೀನು ಮಾತಾಡಿ ಆಗಿದೆ."

ಸುಮ್ಮನಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಇರಬೇಕು.

ಅಪ್ಪ ಮೇಲೆ ಹೋದ. ಇಳಿದು ಬಂದ. ಆಚೆ ಹೋದ. ಕವೆ ಅವನ ಜೇಬಿನಲ್ಲಿತ್ತು, ನನ್ನ ಮೊದಲ ಹಲಗೆ ಕಂಕುಳಲ್ಲಿ. ಇನ್ನೂ ಬಂದಿಲ್ಲ. ಸಭೆಗೋ, ಕಚೇರಿಗೋ — ಹೇಳಿಲ್ಲ. ಅವನ ಫಲಕ ನನ್ನ ಮುಂದಿದೆ, ಕಾರ್ಬನ್ ಗೆರೆ ತಿದ್ದಿ ಆಗಿದೆ. ಪೆನ್ನು ಕಾಯುತ್ತಿದೆ. ಎಡಕ್ಕೆ ಗೋಡೆ. ಅಕ್ಕ ಏಳುತ್ತಿಲ್ಲ.

ಮಾರ್ಚ್ 26, ಬುಧವಾರ. ಸಂಜೆ ಆರು.

ಅಪ್ಪ ನಿನ್ನೆ ಹೋದದ್ದು ಗಡಿಯಾರದವನ ಮನೆಗೆ. ಲಾಟ್ ನಂಬರ್ ಬರೆಯುತ್ತಿದ್ದ ಗುಮಾಸ್ತ, ಅಪ್ಪನ ಜೊತೆಗೇ ಹೊರಬಿದ್ದವನು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬರಲಿಲ್ಲ, ಅದಕ್ಕೇ ಆ ಹೆಸರು. ನಾನೂರ ಹನ್ನೆರಡು ಅವನ ಕೈ. ನಾನೂರ ಹತ್ತೊಂಬತ್ತು ಅವನ ಕೈಯಲ್ಲ, ಒಂಬತ್ತಕ್ಕೆ ಅವನು ಹಾಗೆ ಬಾಲ ಹಾಕುವುದಿಲ್ಲವಂತೆ. ಬಂದು ಹೇಳುತ್ತೇನೆ ಎಂದಿದ್ದಾನೆ. ಹೆಂಡತಿ ಬೇಡ ಎಂದಳಂತೆ.

ಮಧ್ಯಾಹ್ನ ಅಪ್ಪ ನನ್ನ ಮೇಜಿಗೆ ಬಂದ. ತನ್ನ ಫಲಕ ಎತ್ತಿಕೊಂಡ.

"ಇದನ್ನ ಸುಡಬೇಡ. ಒಣಗಲಿ. ಆರು ತಿಂಗಳು ಬೇಕು ಇದಕ್ಕೆ."

"ಆಮೇಲೆ ಏನು ಬರೀಲಿ?"

"ಮೊದಲು ಒಣಗಲಿ." ಅದನ್ನು ಮೆಟ್ಟಿಲ ಕೆಳಗೆ, ಗೋಡೆಗೆ ತಾಗದ ಹಾಗೆ ನಿಲ್ಲಿಸಿದ. ಆಮೇಲೆ ಮೇಲಿಂದ ದೂರಿನ ನಕಲು ತಂದು ನನ್ನ ಮುಂದೆ ಇಟ್ಟ. "ಓದು. ನಿಧಾನಕ್ಕೆ. ನಾನು ಏನಕ್ಕೆ ಸಹಿ ಹಾಕಿದೀನಿ ಅಂತ ನಂಗೂ ಗೊತ್ತಾಗಲಿ."

ಪೂರ್ತಿ ಓದಿದೆ. ಎರಡು ಕಡೆ ನಿಲ್ಲಿಸಿ, ಇಷ್ಟು ದೊಡ್ಡ ಮಾತು ನಂದಲ್ಲ, ತೆಗಿ ಅಂದ. ಹೊತ್ತಿಗೆಯಿಂದ ಎತ್ತಿದ ಮಾತುಗಳೇ ಅವು. ತೆಗೆದೆ. ಕೆಳಗೆ ಹೊಸದಾಗಿ ಸಹಿ ಹಾಕಿದ.

ಮಾವ ಎಲ್ಲವನ್ನೂ ಕೌಂಟರಿನಿಂದ ನೋಡಿದ. ಮೂವತ್ತು ಫಲಕಗಳನ್ನು ಪೆಟ್ಟಿಗೆಗೆ ತುಂಬಿದ. ಮೂವತ್ತೂ ನನ್ನ ಕೈಬರಹ. ನಾಳೆ ಮೂವತ್ತು ಮನೆಯ ಗೋಡೆಗೆ ಏರುತ್ತವೆ, ಅದನ್ನು ಯಾವ ಉಪ್ಪುಕಾಗದವೂ ಉಜ್ಜುವುದಿಲ್ಲ. ಮೇಲಿನ ಕೋಣೆಯ ವಿಷಯ ಮಾವ ಎತ್ತಲಿಲ್ಲ. ಎತ್ತುತ್ತಾನೆ. ನನ್ನ ಹೊತ್ತಿಗೆಗಳನ್ನು ಚೀಲಕ್ಕೆ ಹಾಕಿಟ್ಟೆ. ಅಪ್ಪ ನೋಡಿದ, ತನ್ನ ಎರಡು ಅಂಗಿಗಳನ್ನೂ ಅದರ ಮೇಲೆ ಇಟ್ಟ.

ಮೊದಲ ಹಲಗೆ ಅಕ್ಕನ ಹತ್ತಿರ. ಇಲ್ಲಿಟ್ಟರೆ ಮಾವನ ಕೈಯಲ್ಲಿ ಒಲೆ ಸೇರಬಹುದು ಎಂದು ಸೀರೆಯೊಳಗೆ ಸುತ್ತಿ ಮನೆಗೆ ಒಯ್ದರು. ನಾಳೆ ನೇರ ಕಚೇರಿಗೇ ತರುತ್ತಾರೆ. ರಜೆ ಕೇಳಿಲ್ಲ.

"ಅವನು ಬರ್ತಾನಾ ಅಪ್ಪ, ಗಡಿಯಾರದವನು? ವಿಚಾರಣೆ ಹತ್ತೂವರೆಗೇ."

"ಅವನಿಗೆ ಒಂಬತ್ತು ಅಂತ ಹೇಳಿದೀನಿ."

ನಾವು ಮಾವನ ಗಾಡಿಗಿಂತ ಮೊದಲೇ ಇಳಿದು ನಡೆಯಬೇಕು. ಸೇರುವುದು ನಾಳೆ ಗುರುವಾರ, ಬೆಳಿಗ್ಗೆ ಹತ್ತು ಗಂಟೆ, ಕಾರ್ಮಿಕ ಕಚೇರಿಯ ಮೆಟ್ಟಿಲ ಬುಡ. ಅಕ್ಕ, ಅಪ್ಪ, ನಾನು, ಮತ್ತು —